ಎರಡು ಗಂಟೆಗೆ ಬರಬೇಕಾದವರು

ಯಾರಿಗಾದರೂ ಕಾಯುವ ಹೊತ್ತು ಬಂದರೆ ಇವತ್ತಿಗೂ ನನ್ನ ಬಲಗಾಲು ತಾನಾಗಿ ಅಲ್ಲಾಡಲು ಶುರು ಮಾಡುತ್ತದೆ. ಹೆಂಡತಿ ಮೊಣಕಾಲಿನ ಮೇಲೆ ಕೈಯಿಟ್ಟು ಅದುಮುತ್ತಾಳೆ. ಕೈ ತೆಗೆದರೆ ಮತ್ತೆ ಶುರು. ಈ ಕಾಲಿನ ಚಾಳಿ ನನಗೆ ಅಂಟಿಕೊಂಡದ್ದು ನಂಜನಗೂಡಿನ ಪಕ್ಕದ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ, ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ, ಒಂದು ಡ್ರೈಯರಿನ ಮುಂದೆ.

ಟಿ. ನರಸೀಪುರ ತಾಲ್ಲೂಕಿನ ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಇದನ್ನು ತಗ್ಗಿಸಿ ಹೇಳುವ ಅಭ್ಯಾಸ ನನಗಿಲ್ಲ. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ನಾಟಿ, ಕಳೆ, ಕಬ್ಬು ಕಡಿಯುವುದು, ಯಾವುದು ಸಿಕ್ಕರೆ ಅದು. ಹಾಸ್ಟೆಲಿನ ಅನ್ನ ತಿಂದು ಬಿ.ಎಸ್ಸಿ. ಮಾಡಿದೆ, ಅದೇ ಹಟದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದೆ. ಇನ್ನು ಲೆಕ್ಚರರ್ ಕೆಲಸ ಕೈಗೆ ಬಂದ ಹಾಗೇ ಎಂದುಕೊಂಡಿದ್ದೆ. ಹೋದ ಕಡೆಯಲ್ಲೆಲ್ಲ ಎಂ.ಫಿಲ್. ಇದ್ದವರಿಗೆ ಮೊದಲು ಎಂದರು. ಹಾಗಾದರೆ ಎಂ.ಫಿಲ್. ಮಾಡಿಯೇ ಬಿಡೋಣ ಎಂದು ಮೈಸೂರಿನಲ್ಲಿ ಹೆಸರು ಬರೆಸಿದೆ. ಊಟಕ್ಕೆ ದಾರಿ ಬೇಕಲ್ಲ? ತಾಂಡ್ಯದಲ್ಲಿ ಆಪರೇಟರ್ ಆಗಿ ಸೇರಿಕೊಂಡು ನಂಜನಗೂಡಿನಲ್ಲಿ ಒಂದು ರೂಮು ಹಿಡಿದೆ.

ನನ್ನ ಗೈಡ್ ಒಬ್ಬರು ಮೇಡಂ. ಅವರು ಕೊಟ್ಟ ವಿಷಯವನ್ನು ಊರಿನಲ್ಲಿ ವಿವರಿಸಿ ಬಚಾವಾಗುವುದು ಸುಲಭವಿರಲಿಲ್ಲ. ಒಂದು ಭಾನುವಾರ ಊರಿಗೆ ಹೋದಾಗ ಟೀ ಅಂಗಡಿ ಮುಂದೆ ದೊಡ್ಡಪ್ಪ ಹಿಡಿದುಕೊಂಡ.

"ಎಮ್ಮೆಸ್ಸಿ ಮುಗೀತಲ್ಲ, ಇನ್ನೂ ಏನ್ಲಾ ಓದ್ತಿದ್ದೀಯ?"

"ಆಟದ ಲೆಕ್ಕ ದೊಡ್ಡಪ್ಪ."

"ಯಾವಾಟ? ಚೌಕಾಬಾರವಾ?"

"ಅಂಗಲ್ಲ. ಜನ ಒಬ್ರಿಗೊಬ್ರು ಯಾಕೆ ಆಯ್ತಾರೆ, ಯಾವಾಗ ಕೈ ಕೊಡ್ತಾರೆ ಅಂತ."

"ಅದ್ಕೆ ಸರ್ಕಾರ ಸ್ಕಾಲರ್‌ಶಿಪ್ ಕೊಟ್ಟದಾ?"

"ಇಲ್ಲ."

"ಅಂಗಾರೆ ಮೊದ್ಲು ನಿಂಗೇ ಕೈ ಕೊಟ್ಟವ್ರೆ ಬುಡು," ಎಂದು ದೊಡ್ಡಪ್ಪ ಬೀಡಿ ಹಚ್ಚಿಕೊಂಡ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ದೊಡ್ಡಪ್ಪನಿಗೆ ಹೇಳಿದ್ದು ಸುಳ್ಳಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಚೌಕಗಳ ಒಂದು ಹಾಸು. ಒಂದೊಂದು ಚೌಕದಲ್ಲಿ ಒಬ್ಬ ಆಟಗಾರ. ಒಬ್ಬ ಯಾವಾಗಲೂ ನೆರವಾಗುವವನು, ಒಬ್ಬ ಎಂದೂ ಆಗದವನು, ಇನ್ನೊಬ್ಬ ಹೋದ ಸಲ ತನಗೆ ಏನು ಮಾಡಿದರೋ ಅದನ್ನೇ ತಿರುಗಿ ಮಾಡುವವನು, ಮತ್ತೊಬ್ಬ ಆಗಾಗ ಕ್ಷಮಿಸಿಬಿಡುವವನು. ಪ್ರತಿಯೊಬ್ಬನೂ ಅಕ್ಕಪಕ್ಕದವರ ಜೊತೆ ಆಡುತ್ತಾನೆ. ನೆರವಾದರೆ ಕೈಯಿಂದ ಸ್ವಲ್ಪ ಹೋಗುತ್ತದೆ, ನೆರವು ಸಿಕ್ಕರೆ ಅದಕ್ಕಿಂತ ಹೆಚ್ಚು ಬರುತ್ತದೆ. ಒಂದು ಸುತ್ತು ಮುಗಿದ ಮೇಲೆ ಪ್ರತಿಯೊಬ್ಬನೂ ಪಕ್ಕದಲ್ಲಿ ಯಾರು ಚೆನ್ನಾಗಿ ಬದುಕಿದ್ದಾನೆ ಎಂದು ನೋಡಿ ಅವನ ದಾರಿ ಹಿಡಿಯುತ್ತಾನೆ. ಅಷ್ಟೇ ನಿಯಮ. ಆದರೆ ಒಬ್ಬನ ದಾರಿ ಬದಲಾದರೆ ಪಕ್ಕದವನ ಲಾಭವೂ ಬದಲಾಗುತ್ತದೆ, ಆಗ ಅವನೂ ದಾರಿ ಬದಲಿಸುತ್ತಾನೆ. ಹೀಗೆ ಎಲ್ಲವೂ ಒಟ್ಟಿಗೆ ಕದಲುತ್ತಿರುತ್ತವೆ. ಯಾವ ದಾರಿ ಒಳ್ಳೆಯದು ಎಂದು ಕೇಳಿದರೆ ಉತ್ತರವಿಲ್ಲ. ಸುತ್ತ ಯಾರಿದ್ದಾರೆ ಎಂಬುದನ್ನು ಮೊದಲು ಹೇಳಬೇಕು.

ಆ ಪರದೆಯ ಮೇಲೆ ಯಾವಾಗಲೂ ನೆರವಾಗುವ ಸಾಧುಗಳು ಹಸಿರು, ಎಂದೂ ಆಗದ ಮೋಸಗಾರರು ಕೆಂಪು. ಮೋಸಗಾರರು ಸಾಧುಗಳನ್ನು ತಿಂದು ಪರದೆಯೆಲ್ಲ ಕೆಂಪು ಮಾಡುತ್ತಿದ್ದರು. ತಿನ್ನಲು ಯಾರೂ ಉಳಿಯದೆ ಅವರೇ ಸೊರಗುವಾಗ, ಎಲ್ಲೋ ಮೂಲೆಯಲ್ಲಿದ್ದ ತಿರುಗಿ ಕೊಡುವವರು ಹಬ್ಬುತ್ತಿದ್ದರು. ಅವರ ಕಾವಲಿನಲ್ಲಿ ಸಾಧುಗಳು ಮತ್ತೆ ಬೆಳೆಯುತ್ತಿದ್ದರು. ಸಾಧುಗಳು ಹೆಚ್ಚಾದ ಕಡೆ ಒಂದು ಕೆಂಪು ಚುಕ್ಕೆ ಕಾಣಿಸಿಕೊಳ್ಳುತ್ತಿತ್ತು. ನಿಲ್ಲು ಅಂದರೆ ನಿಲ್ಲುತ್ತಿರಲಿಲ್ಲ.

ಆ ಕಂಪ್ಯೂಟರು ನನಗೆ ಸಿಗುತ್ತಿದ್ದದ್ದು ಮಂಗಳವಾರ ಮತ್ತು ಶುಕ್ರವಾರ, ಸಂಜೆ ನಾಲ್ಕರಿಂದ ಆರರವರೆಗೆ. ನಾಲ್ಕೂಕಾಲರೊಳಗೆ ನಾನು ಬಾಗಿಲಲ್ಲಿ ಕಾಣದಿದ್ದರೆ ಲ್ಯಾಬಿನವರು ಬೀಗ ಹಾಕಿಕೊಂಡು ಹೊರಡುತ್ತಿದ್ದರು. ಎರಡನೇ ಪಾಳಿ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು, ಆ ವಾರ ಹೋಗುವ ಮಾತೇ ಇಲ್ಲ. ರಾತ್ರಿಯಿಡೀ ಇರುವ ಮೂರನೇ ಪಾಳಿಯ ವಾರ ಹೋಗಬಹುದಿತ್ತು, ಆದರೆ ಕಣ್ಣು ಮುಚ್ಚಿ ಮುಚ್ಚಿ ಬರುತ್ತಿದ್ದವು, ಬರೆದ ಪ್ರೋಗ್ರಾಮಿನಲ್ಲಿ ಬರೀ ತಪ್ಪು. ನಂಬಿದ್ದದ್ದು ಮೊದಲ ಪಾಳಿಯ ವಾರವನ್ನು. ಬೆಳಿಗ್ಗೆ ಆರಕ್ಕೆ ಒಳಗೆ, ಮಧ್ಯಾಹ್ನ ಎರಡಕ್ಕೆ ಹೊರಗೆ. ಗೇಟಿನ ಮುಂದೆ ಎರಡು ಇಪ್ಪತ್ತಕ್ಕೆ ಮೈಸೂರಿನ ಬಸ್ಸು. ಅದು ಹೋದರೆ ಮುಂದಿನದು ಮೂರೂವರೆಗೆ, ಆವತ್ತಿನ ಕಂಪ್ಯೂಟರ್ ಹೋಯಿತು. ಕಂಪ್ಯೂಟರ್ ಹೋದರೆ ಎಂ.ಫಿಲ್. ಹಿಂದೆ, ಎಂ.ಫಿಲ್. ಹಿಂದೆ ಬಿದ್ದರೆ ಲೆಕ್ಚರರ್ ಕೆಲಸ ಹಿಂದೆ. ಆ ದಿನಗಳಲ್ಲಿ ನನ್ನ ಬದುಕೆಲ್ಲ ಮಧ್ಯಾಹ್ನ ಎರಡು ಗಂಟೆಗೆ ಬರಬೇಕಾದ ಒಬ್ಬ ಮನುಷ್ಯನ ಮೇಲೆ ನಿಂತಿತ್ತು.

ಡ್ರೈಯರ್ ಅಂದರೆ ಬಿಸಿ ಗಾಳಿಯಲ್ಲಿ ಸರಕು ಒಣಗಿಸುವ ದೊಡ್ಡ ಪೀಪಾಯಿಯಂಥ ಮೆಷಿನ್. ಸೋಮವಾರ ಬೆಳಿಗ್ಗೆ ಆರಕ್ಕೆ ಹೊತ್ತಿಸಿದರೆ ಶನಿವಾರ ರಾತ್ರಿ ಹತ್ತಕ್ಕೇ ಆರಿಸುವುದು. ಕಾವು ಏರದ ಹಾಗೆ ಒಬ್ಬ ಮುಂದೆ ಇರಲೇಬೇಕು. ಇಲ್ಲದಿದ್ದರೆ ಸರಕು ಸೀದು ಹೋಗುತ್ತದೆ. ಅದಕ್ಕೆ ಒಂದೇ ಜೊತೆ ದಪ್ಪ ಚರ್ಮದ ಗ್ಲೌಸು. ಪಾಳಿ ಮುಗಿದವನು ಗ್ಲೌಸು ಕಳಚಿ ಮುಂದಿನವನಿಗೆ ಕೊಡಬೇಕು, ಅವನು ತಗೊಂಡ ಮೇಲೇ ಇವನು ಹೊರಡಬೇಕು. ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೂ ಯಾರೂ ಮೀರುತ್ತಿರಲಿಲ್ಲ. ಬದಲಿ ಆಳು ಬರುವ ತನಕ ಗ್ಲೌಸು ಕೈಯಲ್ಲಿ, ನೀವು ಮೆಷಿನಿನ ಮುಂದೆ.

ನಾವು ಮೂವರು ಆಪರೇಟರುಗಳು. ಒಬ್ಬ ನಾನು. ನನ್ನನ್ನು ಬಿಡಿಸಲು ಬರುತ್ತಿದ್ದವರು ನಂಜನಗೂಡಿನ ಪಕ್ಕದ ಹಳ್ಳಿಯ ಗೌಡರು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ಮನೆಯಲ್ಲಿ ಜಮೀನು, ಹಸುಗಳು. ಗೌಡರನ್ನು ಬಿಡಿಸುತ್ತಿದ್ದವನು ಬನ್ನೂರಿನವನು, ನನ್ನ ವಯಸ್ಸಿನವನೇ, ಬಾಯಿ ತೆರೆದರೆ ತಮಾಷೆ. ಬನ್ನೂರಿನವನನ್ನು ಬಿಡಿಸುತ್ತಿದ್ದವನು ನಾನು. ಇಬ್ಬರಿಗೂ ನಾನು "ಎಮ್ಮೆಸ್ಸಿ". ಅದು ಹೊಗಳಿಕೆಯೋ ಚುಡಾಯಿಸುವುದೋ ಎಂದು ನಾನು ಕೇಳಲು ಹೋಗಲಿಲ್ಲ. ಡಿಗ್ರಿ ನನ್ನದೇ ತಾನೇ.

ಗ್ಲೌಸಿನ ವಿಷಯದಲ್ಲಿ ಗೌಡರದು ಒಂದು ರೀತಿಯಿತ್ತು. ನಾನು ಕಳಚಿ ಕೊಡಲು ಹೋದರೆ, "ಸ್ಟೂಲ್ ಮೇಲೆ ಮಡಗಪ್ಪ," ಎನ್ನುತ್ತಿದ್ದರು. ಇಟ್ಟ ಮೇಲೆ ಎತ್ತಿಕೊಳ್ಳುತ್ತಿದ್ದರು. ಎಲ್ಲರ ಜೊತೆಗೂ ಹೀಗೇ ಇರಬಹುದು ಎಂದುಕೊಂಡಿದ್ದೆ. ಒಮ್ಮೆ ಓವರ್‌ಟೈಮ್‌ಗೆ ಉಳಿದಿದ್ದಾಗ ನೋಡಿದೆ. ಅದೇ ಗ್ಲೌಸನ್ನು ಗೌಡರು ನಗುತ್ತ ಬನ್ನೂರಿನವನ ಹೆಗಲಿಗೆ ಎಸೆದು ಬೆನ್ನು ತಟ್ಟಿ ಹೋದರು. ಕಾರಣ ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎನ್ನುವುದು ಅವರಿಗೂ ಗೊತ್ತಿತ್ತು. ಒಬ್ಬರ ಬೆವರು ಇನ್ನೊಬ್ಬರ ಕೈಗೆ ಅಂಟುತ್ತಿದ್ದ ಗ್ಲೌಸು ಅದು. ನಡುವೆ ಒಂದು ಸ್ಟೂಲು ಮಾತ್ರ ಇರಬೇಕಿತ್ತು.

ತಡವಾಗುವುದು ಯಾರಿಂದ ಮೊದಲಾಯಿತು ಎನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಬನ್ನೂರಿನವನು ಊರಿಂದ ಬರುವ ಬಸ್ಸು ಕೆಟ್ಟಿತು ಎಂದು ಗೌಡರು ಹೇಳುತ್ತಿದ್ದರು. ಗೌಡರ ಹಸು ಕರು ಹಾಕಿದ ದಿನ ಎಂದು ಬನ್ನೂರಿನವನು ಹೇಳುತ್ತಿದ್ದ. ಇಬ್ಬರೂ ಕೆಲವು ಸಲ ನನ್ನ ಕಡೆ ಬೆರಳು ಮಾಡುತ್ತಿದ್ದರು. ಅಂತೂ ಒಂದು ದಿನ ಅರ್ಧ ಗಂಟೆ ತಡವೆಂಬುದು ನಮ್ಮ ಪಾಳಿಗಳೊಳಗೆ ನುಗ್ಗಿತು, ನುಗ್ಗಿದ್ದು ಹೊರಗೆ ಹೋಗಲಿಲ್ಲ. ಗೌಡರು ಅರ್ಧ ಗಂಟೆ ತಡ ಮಾಡಿದರೆ ನಾನು ಅರ್ಧ ಗಂಟೆ ಹೆಚ್ಚು ದುಡಿದಂತಾಯಿತು. ಮಾರನೇ ದಿನ ನಾನು ಯಾಕೆ ಸರಿಯಾಗಿ ಆರಕ್ಕೆ ಹೋಗಲಿ? ಆರೂವರೆಗೆ ಹೋದೆ. ಬನ್ನೂರಿನವನಿಗೆ ಅರ್ಧ ಗಂಟೆ ಹೆಚ್ಚಾಯಿತು, ಅವನು ಗೌಡರಿಗೆ ತಡ ಮಾಡಿದ. ಗೌಡರು ನನಗೆ.

ಹಾಜರಿಯಲ್ಲಿ ಇದು ಕಾಣುತ್ತಿರಲಿಲ್ಲ. ಗೇಟಿನಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಕಾರ್ಡು ಒತ್ತಿ, ಆಮೇಲೆ ಕ್ಯಾಂಟೀನಿನಲ್ಲಿ ಟೀ ಹೀರುತ್ತ ಕೂರುತ್ತಿದ್ದರು. ಸೂಪರ್‌ವೈಸರಿಗೆ ಮೆಷಿನ್ ಓಡಿದರೆ ಸಾಕು. ಕೆಲವು ವಾರಗಳಲ್ಲಿ ಅರ್ಧ ಗಂಟೆ ಮುಕ್ಕಾಲು ಗಂಟೆಯಾಯಿತು.

ಇದರಲ್ಲಿ ಒಂದು ವಿಚಿತ್ರವಿತ್ತು. ಮೂವರೂ ದುಡಿಯುತ್ತಿದ್ದದ್ದು ಅದೇ ಎಂಟು ಗಂಟೆ. ಮುಕ್ಕಾಲು ಗಂಟೆ ತಡವಾಗಿ ಶುರು, ಮುಕ್ಕಾಲು ಗಂಟೆ ತಡವಾಗಿ ಮುಗಿತಾಯ. ಡ್ರೈಯರಿನ ಮಟ್ಟಿಗೆ ಲೋಕದ ಗಡಿಯಾರವೇ ಹಿಂದಕ್ಕೆ ಜಾರಿತ್ತು. ಆದರೆ ಬಸ್ಸು ಜಾರಿರಲಿಲ್ಲ, ಮೈಸೂರಿನ ಲ್ಯಾಬಿನ ಬೀಗ ಜಾರಿರಲಿಲ್ಲ. ಎರಡು ಗಂಟೆಯಾಗುತ್ತಿದ್ದಂತೆ ನನ್ನ ಬಲಗಾಲು ಅಲ್ಲಾಡಲು ಶುರುವಾಗುತ್ತಿತ್ತು. ಎರಡು ಇಪ್ಪತ್ತರ ಬಸ್ಸು ಗೇಟಿನ ಹತ್ತಿರ ಹಾರನ್ ಮಾಡುವುದು ಡ್ರೈಯರಿನ ಸದ್ದಿನ ನಡುವೆಯೂ ನನಗೆ ಕೇಳುತ್ತಿತ್ತು. ಕೈಯಲ್ಲಿ ಗ್ಲೌಸು.

ಗೌಡರು ಬಂದಾಗ ಕೇಳುತ್ತಿದ್ದೆ. "ಗೌಡ್ರೇ, ಬಸ್ ಓಯ್ತು."

"ನಿನ್ನ ಬಸ್ ಓದ್ರೆ ಇನ್ನೊಂದ್ ಬತ್ತದೆ. ನನ್ನ ಹಸಕ್ಕೆ ಹುಲ್ಲು ಕುಯ್ದಾಕೋರು ಯಾರು ಇನ್ನೊಬ್ರು ಬತ್ತಾರಾ? ಆ ಬನ್ನೂರೋನು ನನ್ನ ಮುಕ್ಕಾಲ್ ಗಂಟೆ ಕಾಯಿಸ್ತಾನಲ್ಲ, ಅವ್ನ ಕೇಳೋಗು."

ಬನ್ನೂರಿನವನನ್ನು ಕೇಳಿದರೆ, "ನಂಗೆ ಕಾಯ್ಸೋನು ನೀನು ಕಣ್ಲಾ, ನಿನ್ನನ್ನೇ ಕೇಳ್ಕೋ," ಎಂದು ಹಲ್ಲು ಕಿರಿಯುತ್ತಿದ್ದ.

ಮಾತು ನಿಜವಾಗಿತ್ತು. ನನ್ನ ತಡ ಸುತ್ತಿಕೊಂಡು ನನಗೇ ಬರುತ್ತಿದ್ದರೆ, ನಾನು ಸರಿಯಾಗಿ ಬಂದುಬಿಟ್ಟರೆ ಅದೂ ಸುತ್ತಿಕೊಂಡು ನನಗೇ ಬರಬೇಕಲ್ಲವೇ? ಪರದೆಯ ಮೇಲಿನ ಕ್ಷಮಿಸುವವನ ದಾರಿ ಹಿಡಿದು ನೋಡೋಣ ಎಂದು ಒಂದು ವಾರ ಸರಿಯಾಗಿ ಆರಕ್ಕೆ ಡ್ರೈಯರಿನ ಮುಂದೆ ನಿಂತೆ. ಬನ್ನೂರಿನವನಿಗೆ ಆಶ್ಚರ್ಯ. "ಏನ್ಲಾ ಎಮ್ಮೆಸ್ಸಿ, ಗಡಿಯಾರ ನುಂಗ್ಬುಟ್ಟಿದ್ದೀಯಾ?" ಎಂದು ಗ್ಲೌಸು ನನ್ನ ಕೈಗೆ ತುರುಕಿ ಓಡಿದ. ಉಳಿದ ಮುಕ್ಕಾಲು ಗಂಟೆಯನ್ನು ಅವನು ಗೌಡರಿಗೇನೂ ಕೊಡಲಿಲ್ಲ. ರೂಮಿನಲ್ಲಿ ಬೆಚ್ಚಗೆ ಮಲಗಿದ. ಗೌಡರು ಎಂದಿನಂತೆ ತಡ. ವಾರವಿಡೀ ನಾನು ಎಂಟು ಮುಕ್ಕಾಲು ಗಂಟೆ ದುಡಿದೆ, ಮಂಗಳವಾರದ ಕಂಪ್ಯೂಟರೂ ಹೋಯಿತು, ಶುಕ್ರವಾರದ್ದೂ ಹೋಯಿತು. ಕೆಂಪು ಹಾಸಿನ ನಡುವೆ ಒಂದೇ ಒಂದು ಹಸಿರು ಚುಕ್ಕೆ ಇಟ್ಟರೆ ಏನಾಗುತ್ತದೆ ಎಂದು ನೂರು ಸಲ ನೋಡಿದವನು ನಾನು. ನೋಡಿದ್ದರೂ ಹಟ.

ಮೇಡಂ ಆ ಶುಕ್ರವಾರ ಚೀಟಿ ಕಳಿಸಿದ್ದರು. ಹೀಗೆ ತಪ್ಪಿಸಿದರೆ ಕಂಪ್ಯೂಟರಿನ ಹೊತ್ತನ್ನು ಇನ್ನೊಬ್ಬರಿಗೆ ಕೊಡಬೇಕಾಗುತ್ತದೆ ಎಂದು. ಅದನ್ನು ಓದಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಭಾನುವಾರ ಊರಿಗೂ ಹೋಗಲಿಲ್ಲ. ನಂಜನಗೂಡಿನಲ್ಲಿ ಕಪಿಲಾ ನದಿಯ ದಂಡೆಯುದ್ದಕ್ಕೂ ಹೋಗುವುದು, ತಿರುಗಿ ಬರುವುದು. ಅದೇ ಲೆಕ್ಕ ತಲೆಯಲ್ಲಿ. ಪಾಳಿ ವಾರ ವಾರ ಬದಲಾಗುತ್ತದೆ, ಮೊದಲನೆಯವನು ಎರಡಕ್ಕೆ, ಎರಡನೆಯವನು ಮೂರಕ್ಕೆ, ಮೂರನೆಯವನು ಒಂದಕ್ಕೆ. ಎಲ್ಲವೂ ಬದಲಾದರೂ ನನ್ನನ್ನು ಬಿಡಿಸುವವರು ಯಾಕೆ ಯಾವಾಗಲೂ ಗೌಡರೇ?

ಸೋಮವಾರ ಬೆಳಿಗ್ಗೆ, ಡ್ರೈಯರ್ ಹೊತ್ತಿಸುವ ಮುಂಚೆ, ಕ್ಯಾಂಟೀನಿನಲ್ಲಿ ಮೂವರೂ ಒಟ್ಟಿಗೆ ಸಿಕ್ಕ ಅಪರೂಪದ ಹೊತ್ತು. ಮೂರು ಟೀ ಲೋಟಗಳನ್ನು ಮೇಜಿನ ಮೇಲೆ ದುಂಡಗೆ ಇಟ್ಟೆ.

"ಇದು ನಾನು, ಇದು ಗೌಡ್ರು, ಇದು ನೀನು. ಈಗ ವಾರ ಬದಲಾಯ್ತು." ಮೂರನ್ನೂ ಒಂದೊಂದು ಜಾಗ ಸರಿಸಿದೆ. "ನನ್ನ ಹಿಂದೆ ಯಾರು?"

"ಗೌಡ್ರು," ಎಂದ ಬನ್ನೂರಿನವನು.

ಮತ್ತೆ ಸರಿಸಿದೆ. "ಈಗ?"

"ಗೌಡ್ರೇ."

"ಎಷ್ಟ್ ಸಲ ತಿರುಗ್ಸಿದ್ರೂ ಅಷ್ಟೇ. ಗೌಡ್ರು ನನ್ನ ಕಾಯಿಸ್ತಾರೆ, ನಾನು ಗೌಡ್ರುನ ಕಾಯ್ಸಕ್ಕೇ ಆಗಲ್ಲ. ಅವ್ರ ಮೇಲಿನ ಕ್ವಾಪ ನಿನ್ನ ಮೇಲೆ ತೀರಿಸ್ತೀನಿ. ನೀನು ಗೌಡ್ರ ಮೇಲೆ ತೀರಿಸ್ತೀಯ. ಮಾಡ್ದೋನಿಗೆ ಯಾವತ್ತೂ ನೇರ ವಾಪಸ್ ಬರಲ್ಲ."

"ಅದ್ಕೇ ಅಲ್ವಾ ಚೆನ್ನಾಗಿರೋದು," ಎಂದು ಬನ್ನೂರಿನವನು ನನ್ನ ಲೋಟವನ್ನೇ ಎತ್ತಿ ಕುಡಿದ.

ಗೌಡರು ನಗಲಿಲ್ಲ. ಉಳಿದ ಎರಡು ಲೋಟಗಳನ್ನೇ ನೋಡುತ್ತಿದ್ದರು. "ಅದ್ಕೆ ಏನ್ ಮಾಡ್ಬೇಕು ಅಂತೀಯ?"

"ವಾರಕ್ಕೊಬ್ಬ ಇದ್ದ ಪಾಳೀಲೇ ಇರಬೇಕು. ಉಳಿದಿಬ್ರು ಅದಲು ಬದಲು. ಆಗ ಸುತ್ತು ಉಲ್ಟಾ ಆಯ್ತದೆ. ಈ ವಾರ ನೀವು ನನ್ನ ಬುಡಿಸಿದ್ರೆ, ಮುಂದಿನ ವಾರ ನಾನು ನಿಮ್ಮನ್ನ ಬುಡಿಸ್ತೀನಿ."

"ಅಂದ್ರೆ ನಾನ್ ನಿನ್ನ ಕಾಯ್ಸಿದ್ರೆ, ಮುಂದಿನ ವಾರ ನೀನ್ ನನ್ನ ಕಾಯಿಸ್ತೀಯ."

"ಊಂ ಕಣ್ರೀ."

"ಬೆದ್ರುಸ್ತಿದ್ದೀಯೇನ್ಲಾ?"

"ಲೆಕ್ಕ ಏಳ್ತಿದ್ದೀನಿ ಗೌಡ್ರೇ."

ಅವರು ಟೀ ಮುಗಿಸಿ, ಲೋಟ ಬೋರಲು ಹಾಕಿ ಎದ್ದರು. "ಆಗ್ಲಿ, ನೋಡಾನ."

ಯಾಕೆ ಒಪ್ಪಿದರು ಎಂದು ನನಗೆ ಆಗ ಹೊಳೆಯಲಿಲ್ಲ. ಮುಕ್ಕಾಲು ಗಂಟೆಯ ತಡ ಅವರನ್ನೂ ಸುಡುತ್ತಿತ್ತು. ಅವರದು ಮೊದಲ ಪಾಳಿಯಿದ್ದ ವಾರ ಬನ್ನೂರಿನವನು ಬರುವವರೆಗೆ ಕಾದು, ಸಂಜೆ ಡೈರಿಗೆ ಹಾಲು ಹಾಕಲು ಓಡುವಷ್ಟರಲ್ಲಿ ಕ್ಯಾನು ತುಂಬಿ ಗಾಡಿ ಹೋಗಿರುತ್ತಿತ್ತಂತೆ. ಸೂಪರ್‌ವೈಸರ್ ಹತ್ತಿರ ಮಾತಾಡಿದವರೂ ಅವರೇ. "ಮಿಷಿನ್ ನಿಲ್ಬಾರ್ದು ಅಷ್ಟೆ, ನೀವ್ ನೀವೇ ಏನಾದ್ರೂ ಮಾಡ್ಕಳಿ," ಎಂದರಂತೆ ಸೂಪರ್‌ವೈಸರ್.

ಹೊಸ ಸುತ್ತಿನ ಮೊದಲ ವಾರ ಗೌಡರು ಹಳೇ ಚಾಳಿಯಲ್ಲಿ ನನ್ನನ್ನು ಕಾಯಿಸಿದರು. ಮುಂದಿನ ವಾರ ಅವರನ್ನು ಬಿಡಿಸುವವನು ನಾನು. ಕ್ಯಾಂಟೀನಿನಲ್ಲಿ ಅಷ್ಟೇ ಹೊತ್ತು ಕೂತು ಒಳಗೆ ಹೋದೆ. ಅವರು ಗ್ಲೌಸನ್ನು ಸ್ಟೂಲಿನ ಮೇಲೆ ಇಟ್ಟು, ಹೆಗಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಗೊತ್ತಾಯ್ತು ಬುಡು," ಎಂದು ಹೋದರು. ಆಮೇಲಿನ ಸರದಿಯಲ್ಲಿ ಎರಡಕ್ಕೆ ಐದು ನಿಮಿಷ ಇರುವಾಗಲೇ ಅವರ ಚಪ್ಪಲಿ ಸದ್ದು ಕೇಳಿತು. ಬನ್ನೂರಿನವನೂ ಎರಡು ಕಡೆಯಿಂದ ಬಿಸಿ ತಾಗಿ ದಾರಿಗೆ ಬಂದ. ಎರಡು ಇಪ್ಪತ್ತರ ಬಸ್ಸಿನ ಕಂಡಕ್ಟರಿಗೆ ನನ್ನ ಮುಖ ಗುರುತಾಯಿತು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ. ಎಲ್ಲರೂ ಹೊತ್ತಿಗೆ ಬರತೊಡಗಿದ ಮೇಲೆ ಲೆಕ್ಕ ಇಡುವುದನ್ನು ಬಿಟ್ಟೆವು. ಹತ್ತು ನಿಮಿಷ ಹೆಚ್ಚು ಕಡಿಮೆಯಾದರೆ ಯಾರೂ ಕೇಳುತ್ತಿರಲಿಲ್ಲ. ಬನ್ನೂರಿನವನು ಆ ಹತ್ತನ್ನು ಇಪ್ಪತ್ತು ಮಾಡಿದ. ಗದರಿದಾಗ ಹೊಸ ಉಪಾಯ ತಂದ. ಮೊದಲೇ ಕೇಳಿಬಿಡುವುದು. "ನಾಳೆ ಅರ್ಧ ಗಂಟೆ ಬುಟ್ಕೊಡ್ಲಾ, ಊರಿಂದ ಬರೋದದೆ." ಕೇಳಿ ಮಾಡಿದ ತಡವನ್ನು ತಡವೆಂದು ಲೆಕ್ಕ ಮಾಡಬಾರದು ಎಂದಾಯಿತು. ಒಳ್ಳೆಯದೇ. ಆದರೆ ಊರಿಂದ ಬರುವುದಿಲ್ಲದಿದ್ದಾಗಲೂ ಅವನು ಕೇಳತೊಡಗಿದ. ಒಂದು ದಿನ ನಂಜನಗೂಡಿನ ಟಾಕೀಸಿನಿಂದ ಅವನು ಹೊರಗೆ ಬರುವುದನ್ನು ಗೌಡರು ಕಂಡರು. ಆಮೇಲೆ ಅವನು ಬಸ್ ಟಿಕೆಟ್ ತೋರಿಸಬೇಕು ಎಂದು ಗೌಡರ ಹಟ. ಅವನು ಯಾರದೋ ಟಿಕೆಟ್ ಎತ್ತಿಕೊಂಡು ಬಂದ. ಟಿಕೆಟ್ಟಿನಲ್ಲಿ ಬನ್ನೂರಿನ ಬದಲು ಚಾಮರಾಜನಗರದ ದಾರಿಯ ಊರು.

"ಏನ್ಲಾ, ನಿಮ್ಮೂರ್ನ ಎತ್ತಿ ಆ ಕಡೆ ಮಡಗವ್ರಾ?" ಎಂದರು ಗೌಡರು. ಅವತ್ತು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೂ ಮಂಗಳವಾರ ಹತ್ತಿರವಾದಂತೆ ನನ್ನ ನಗು ಒಣಗುತ್ತಿತ್ತು.

ಇದನ್ನೆಲ್ಲ ನಾನು ಪ್ರೋಗ್ರಾಮಿನೊಳಗೆ ಸೇರಿಸಿದೆ. ಕೇಳಿ ತಡ ಮಾಡುವವನು, ಸುಳ್ಳು ಹೇಳಿ ಕೇಳುವವನು, ಟಿಕೆಟ್ ನೋಡುವವನು. ಯಾರ ಜೊತೆ ಆಡಬೇಕು ಎಂಬ ಸುತ್ತೂ ಆಟದ ಜೊತೆಗೇ ಬದಲಾಗುವ ಹಾಗೆ ಬರೆದೆ. ಪರದೆಯ ಬಣ್ಣಗಳು ಮೊದಲಿಗಿಂತ ಹುಚ್ಚಾಗಿ ಕುಣಿದವು. ಟಿಕೆಟ್ ನೋಡುವವರು ಹೆಚ್ಚಾದರೆ ಸುಳ್ಳು ಸಾಯುತ್ತಿತ್ತು, ಸುಳ್ಳು ಸತ್ತರೆ ಟಿಕೆಟ್ ನೋಡುವ ತಾಪತ್ರಯ ಯಾರಿಗೂ ಬೇಡವಾಗುತ್ತಿತ್ತು, ಆಗ ಸುಳ್ಳು ಮತ್ತೆ ಹುಟ್ಟುತ್ತಿತ್ತು. ಮೇಡಂ ಕಾಗದಗಳನ್ನು ತಿರುವಿ ಹಾಕಿ ಕೇಳಿದರು. "ಈ ಸುಳ್ಳು ನೆಪದ ತಂತ್ರ ಚೆನ್ನಾಗಿದೆ. ಎಲ್ಲಿಂದ ಸಿಕ್ಕಿತು?"

"ಬನ್ನೂರಿನಿಂದ ಮೇಡಂ," ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು.

ಪ್ರಬಂಧ ಕೊಟ್ಟಾಯಿತು. ಕಾಲೇಜೊಂದರಲ್ಲಿ ಲೆಕ್ಚರರ್ ಕೆಲಸ ಸಿಗುವ ಹಾಗಾಯಿತು, ಸೋಮವಾರ ಸೇರುವಾಗ ಎಂ.ಫಿಲ್. ಆಗಿರಬೇಕು ಎಂಬ ಷರತ್ತಿನ ಮೇಲೆ. ಮೌಖಿಕ ಪರೀಕ್ಷೆ ಶನಿವಾರ ಸಂಜೆ ನಾಲ್ಕಕ್ಕೆ. ಹೊರಗಿನಿಂದ ಬರುವ ಪರೀಕ್ಷಕರು ಅದನ್ನು ಮುಗಿಸಿ ರೈಲಿಗೆ ಹೋಗುವವರು. ತಪ್ಪಿದರೆ ಮತ್ತೆ ಯಾವಾಗಲೋ. ಅದೇ ಶನಿವಾರ ಫ್ಯಾಕ್ಟರಿಯಲ್ಲಿ ನನ್ನ ಕೊನೆಯ ದಿನ, ಮೊದಲ ಪಾಳಿ. ರಾಜೀನಾಮೆ ಕೊಟ್ಟವರಿಗೆ ಕೊನೆಯ ವಾರ ರಜೆಯಿಲ್ಲ. ತಪ್ಪಿಸಿದರೆ ಬಿಡುಗಡೆಯ ಕಾಗದವಿಲ್ಲ, ಕಾಗದವಿಲ್ಲದೆ ಕಾಲೇಜಿನವರು ಸೇರಿಸಿಕೊಳ್ಳುವುದಿಲ್ಲ. ಬನ್ನೂರಿನವನದು ಆ ವಾರ ಮೂರನೇ ಪಾಳಿ. ಶನಿವಾರ ಬೆಳಿಗ್ಗೆ ಆರಕ್ಕೆ ಮುಗಿಸಿ ಊರಿನ ಬಸ್ಸು ಹತ್ತುತ್ತಾನೆ. ಉಳಿದದ್ದು ಗೌಡರು.

ನಾನು ಬರೆದದ್ದೇ ನನ್ನ ನಿದ್ದೆ ಕೆಡಿಸಿತು. ಆಟ ಮುಂದುವರಿಯುತ್ತದೆ ಎಂದಿದ್ದಾಗ ಮಾತ್ರ ನೆರವು ಉಳಿಯುತ್ತದೆ. ಮುಂದಿನ ವಾರದ ಭಯ ಇರಬೇಕು. ಇದೇ ಕೊನೆಯ ಸುತ್ತು ಎಂದು ಇಬ್ಬರಿಗೂ ಗೊತ್ತಾಗಿಬಿಟ್ಟರೆ ನೆರವಾಗಲು ಯಾರಿಗೂ ಕಾರಣ ಉಳಿಯುವುದಿಲ್ಲ. ಮುಂದಿನ ವಾರ ಗೌಡರನ್ನು ಕಾಯಿಸಲು ನಾನು ಇರುವುದಿಲ್ಲ. ಅದು ಅವರಿಗೂ ಗೊತ್ತು. ಅವರು ನಿಧಾನವಾಗಿ ಹುಲ್ಲು ಕುಯ್ದು, ಉಂಡು, ಮೂರು ಗಂಟೆಗೆ ಬಂದರೆ ನಾನು ಮಾಡುವುದೇನು? ವಾರವೆಲ್ಲ ಅವರ ಮುಖ ನೋಡಿದೆ, ಏನೂ ತಿಳಿಯಲಿಲ್ಲ. ಬಾಯಿಬಿಟ್ಟು ಕೇಳಿಯೂ ಬಿಟ್ಟೆ. "ಗೌಡ್ರೇ, ಶನಿವಾರ ನಂಗೆ ಪರೀಕ್ಷೆ ಅದೆ, ಎರಡಕ್ಕೆ ಸರಿಯಾಗಿ..."

"ಊಂ," ಎಂದರು, ಅಷ್ಟೇ.

ಆ ವಾರ ನನ್ನ ಪಕ್ಕದಲ್ಲಿ ಇನ್ನೊಬ್ಬನಿದ್ದ. ನನ್ನ ಜಾಗಕ್ಕೆ ಬಂದ ಹೊಸ ಆಪರೇಟರ್. ಮದುವೆಯಾಗಿ ಮಕ್ಕಳಿದ್ದವನು, ಮಾತು ಕಡಿಮೆ. ಅವನಿಗಿನ್ನೂ ಒಬ್ಬನೇ ಮೆಷಿನ್ ನೋಡುವ ಅನುಮತಿ ಇರಲಿಲ್ಲ, ಸೋಮವಾರದಿಂದ. ಡ್ರೈಯರಿಗಿಂತ ಹೆಚ್ಚಾಗಿ ಅವನು ನಮ್ಮನ್ನೇ ನೋಡುತ್ತಿದ್ದ. ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾರು ಯಾರಿಗೆ ಏನು ಹೇಳುತ್ತಾರೆ ಎಂದು.

ಶನಿವಾರ ಒಂದು ಗಂಟೆಯಿಂದಲೇ ನನ್ನ ಕಾಲು ಶುರುವಾಯಿತು. ಒಗೆದ ಅಂಗಿಯನ್ನು ಚೀಲದಲ್ಲಿಟ್ಟು ಮೊಳೆಗೆ ನೇತುಹಾಕಿದ್ದೆ. ಕಾವಿನ ಮುಳ್ಳು ನೋಡುವುದು, ಬಾಗಿಲು ನೋಡುವುದು. ಹೊಸಬ ಕೇಳಿದ, "ಹುಷಾರಿಲ್ವಾ ಸಾ?"

"ಬಸ್ಸು," ಎಂದೆ.

ಒಂದೂವರೆಯಾಗಿತ್ತು ಅಷ್ಟೇ. ಬಾಗಿಲಲ್ಲಿ ಗೌಡರು. ಇನ್ನೂ ಅರ್ಧ ಗಂಟೆಯಿದೆ, ಬೇರೇನೋ ಕೆಲಸಕ್ಕೆ ಬಂದಿರಬೇಕು ಎಂದುಕೊಂಡೆ. ಅವರು ನೇರ ಬಂದು ಕಾವಿನ ಮುಳ್ಳು ನೋಡಿ, ನನ್ನ ಕಡೆ ತಿರುಗಿದರು. ನಾನು ಗಡಿಬಿಡಿಯಲ್ಲಿ ಗ್ಲೌಸು ಕಳಚಿ ಅಭ್ಯಾಸದಂತೆ ಸ್ಟೂಲಿನ ಕಡೆ ಬಾಗಿದೆ.

"ಅಲ್ಯಾಕ್ ಮಡಗ್ತೀಯ? ಕೊಡಿತ್ಲಾಗೆ." ಕೈ ಚಾಚಿದರು. ನನ್ನ ಕೈಯಿಂದ ಅವರ ಕೈಗೆ ಗ್ಲೌಸು ಹೋಯಿತು. "ಓಗು ಓಗು, ಬಸ್ ಓಯ್ತದೆ. ಮುಖ ತೊಳ್ಕೊಂಡು ಓಗ್ಲಾ, ಎಮ್ಮೆಸ್ಸಿ!"

ಚೀಲ ಹಿಡಿದು ಓಡಿದೆ. ಮುಖ ತೊಳೆದು ಅಂಗಿ ಬದಲಿಸಿ, ಬಿಡುಗಡೆಯ ಕಾಗದ ಇಸಿದುಕೊಂಡು ಗೇಟಿಗೆ ಬಂದರೂ ಬಸ್ಸಿಗೆ ಇನ್ನೂ ಹೊತ್ತಿತ್ತು.

ಬಸ್ಸಿನಲ್ಲಿ ಕೂತ ಮೇಲೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಯಾಕೆ ಬಂದರು? ಅದೂ ಅರ್ಧ ಗಂಟೆ ಮೊದಲು? ಅವರಿಗೇನು ಸಿಕ್ಕಿತು? ಪಕ್ಕದಲ್ಲಿ ಹೊಸಬ ನಿಂತಿದ್ದ ಎನ್ನುವುದು ಮೈಸೂರು ಹತ್ತಿರವಾಗುವಾಗ ನೆನಪಾಯಿತು. ನನ್ನ ಜೊತೆ ಮುಗಿದ ಆಟ ಅವನ ಜೊತೆ ಸೋಮವಾರ ಶುರುವಾಗುವುದಿತ್ತು. ಇಲ್ಲಿ ನಾವು ಹೀಗೆ ಬರುತ್ತೇವೆ, ಹೀಗೆ ಕೊಡುತ್ತೇವೆ, ಹೀಗೆ ತಗೊಳ್ಳುತ್ತೇವೆ ಎಂದು ಅವನಿಗೆ ತೋರಿಸಿದರೇ? ಹಾಗಾದರೆ ಆ ಚಾಚಿದ ಕೈ ನನಗಲ್ಲವೇ? ಅಥವಾ ನನಗೇ ಆಗಿತ್ತೇ? ಎರಡಕ್ಕೂ ಲೆಕ್ಕ ಕೂಡುತ್ತಿತ್ತು. ಅದೇ ನನಗೆ ತಡೆಯಲಾಗಲಿಲ್ಲ.

ಪರೀಕ್ಷಕರು ಪ್ರಬಂಧ ಮಗುಚುತ್ತ ಕೇಳಿದ ಕೊನೆಯ ಪ್ರಶ್ನೆ ಇದು. "ಕೊನೆಯ ಸುತ್ತು ಯಾವುದೆಂದು ಆಟಗಾರರಿಗೆ ಮೊದಲೇ ಗೊತ್ತಿದ್ದರೆ?"

"ಸಹಕಾರ ಕೊನೆಯಿಂದ ಹಿಂದಕ್ಕೆ ಕುಸಿಯುತ್ತಾ ಬರುತ್ತದೆ ಸರ್," ಎಂದೆ.

"ಸರಿ," ಎಂದರು. ಸರಿಯಾದ ಉತ್ತರವೇ. ನನ್ನ ಅಂಗೈಯಲ್ಲಿ ಇನ್ನೂ ಗ್ಲೌಸಿನ ಚರ್ಮದ ವಾಸನೆ ಇತ್ತು. ಎಂ.ಫಿಲ್. ಆಯಿತು. ಸೋಮವಾರ ಲೆಕ್ಚರರ್ ಆದೆ. ಈ ಸಲ "ಲೆಕ್ಚರರ್" ಎಂದು ಕರೆದವರು ಚುಡಾಯಿಸುತ್ತಿರಲಿಲ್ಲ.

ಗೌಡರನ್ನು ಮತ್ತೆ ಕಂಡದ್ದು ಎಷ್ಟೋ ವರ್ಷಗಳ ಮೇಲೆ, ಎರಡು ಸಾವಿರದ ಇಸವಿ ದಾಟಿ ಬಹಳ ಕಾಲವಾದ ಮೇಲೆ, ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ. ಸುತ್ತೂರು ಮೇಲೆ ನರಸೀಪುರಕ್ಕೆ ಹೋಗುವ ಬಸ್ಸಿಗೆ ನಾನು ನಿಂತಿದ್ದೆ. ಅವರು ಕೆಲಸದಿಂದ ನಿವೃತ್ತರಾಗಿದ್ದರು, ಕೈಯಲ್ಲಿ ಹಿಂಡಿಯ ಚೀಲ. ಗುರುತು ಹಿಡಿದವರು ಅವರೇ.

"ಎಮ್ಮೆಸ್ಸಿ ಅಲ್ವೇನ್ಲಾ? ಅಲ್ಲಲ್ಲ, ಈಗ ಮೇಷ್ಟ್ರು ಅನ್ಬೇಕು."

ಬನ್ನೂರಿನವನು ಊರಿಗೇ ಹೋಗಿ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾನೆ, ಕರೆದರೆ ಒಂದು ದಿನವೂ ಹೊತ್ತಿಗೆ ಬರುವುದಿಲ್ಲವಂತೆ ಎಂದರು. ನಕ್ಕೆವು. ಆಮೇಲೆ ನಾನು ಇಷ್ಟು ವರ್ಷ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಗೌಡ್ರೇ, ನನ್ನ ಕೊನೆ ಶನಿವಾರ ಅರ್ಧ ಗಂಟೆ ಮೊದ್ಲೇ ಬಂದ್ರಿ. ಯಾಕೆ?"

"ಬಂದಿದ್ನಾ?"

"ಬಂದಿದ್ರಿ. ಗ್ಲೌಸು ಕೈಗೇ ಇಸ್ಕೊಂಡ್ರಿ."

ಅವರು ಹಿಂಡಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ರಸ್ತೆಯ ಕಡೆ ನೋಡಿದರು. "ನೆಪ್ಪಿಲ್ಲ ಕಣಪ್ಪ. ಅವತ್ತು ಹುಲ್ಲು ಬೇಗ ಕುಯ್ದಾಗಿರ್ಬೇಕು ಬುಡು."

ನಿಜವಾಗಿ ನೆನಪಿರಲಿಲ್ಲವೋ, ನೆನಪಿದ್ದೂ ಅಂದರೋ ಹೇಳಲಾರೆ. ಅವರ ಮುಖ ಆ ವಾರದಂತೆಯೇ ಇತ್ತು, ಏನೂ ತಿಳಿಯದ ಹಾಗೆ.

"ಅದಿರ್ಲಿ," ಎಂದರು, "ನಿನ್ನ ಬಸ್ಸಿಗಿನ್ನೂ ಮುಕ್ಕಾಲ್ ಗಂಟೆ ಅದೆ. ಈಗ್ಲೇ ಯಾಕ್ ಬಂದು ನಿಂತಿದ್ದೀಯ?"

ಈ ಸಲ ರಸ್ತೆಯ ಕಡೆ ನೋಡಿದವನು ನಾನು. ಅವರು ನನ್ನ ಕಾಲಿನ ಕಡೆ ನೋಡಿದರು. ಅದು ಅಲ್ಲಾಡುತ್ತಿತ್ತು.